ವಿದೇಶದಿಂದ ದತ್ತು ಬಂದ ಪುಟ್ಟ ಮಗು: ಮೊದಲ ಆರು ತಿಂಗಳ ಕೈಪಿಡಿ

ಎರಡು ವರ್ಷದ ಮಗುವನ್ನು ಬೇರೆ ದೇಶದಿಂದ ದತ್ತು ತಂದ ದಿನ ಮನೆಯವರ ಪಾಲಿಗೆ ಹಬ್ಬ. ಮಗುವಿನ ಪಾಲಿಗೆ ಅದೇ ದಿನ ಗೊತ್ತಿದ್ದ ಮುಖ, ಕೇಳಿದ್ದ ಮಾತು, ರೂಢಿಯಾದ ವಾಸನೆ, ಹಾಸಿಗೆ, ಊಟದ ರುಚಿ, ಹಗಲು-ರಾತ್ರಿಯ ಲೆಕ್ಕ ಎಲ್ಲವೂ ಒಟ್ಟಿಗೆ ಕೈತಪ್ಪುತ್ತದೆ. ಏನಾಯಿತೆಂದು ಕೇಳಲು ಅದಕ್ಕೆ ಮಾತು ಬಾರದು. ಅದಕ್ಕೆ ತಿಳಿಯುವ ಭಾಷೆ ನಿಮಗೆ ಬಾರದು. ಹಾಗಾಗಿ ಮುಂದಿನ ಕೆಲವು ತಿಂಗಳು ಯಾವ ಕೆಲಸಕ್ಕೆ ಕೈಹಾಕಿದರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಹಸಿದಾಗ, ನೊಂದಾಗ, ಹೆದರಿದಾಗ ಬರುವ ಕೈ ಇದೇ ಎಂಬುದು ಇದರಿಂದ ಮಗುವಿಗೆ ಗಟ್ಟಿಯಾಗುತ್ತದೆಯೇ? ಆಟಿಕೆ, ಬಣ್ಣ ಬಳಿದ ಕೋಣೆ, ಹಾಡು-ಅಕ್ಷರ ಇವೆಲ್ಲ ಕಾಯಬಹುದು.

ಇಲ್ಲಿ ಹೇಳುವುದು ಒಂದರಿಂದ ಮೂರು ವರ್ಷದೊಳಗಿನ ಮಕ್ಕಳ ಬಗ್ಗೆ. ಶಿಶುಗೃಹದಲ್ಲಿ ಬೆಳೆದ ಮಗುವಿಗೂ ಸಾಕು ಕುಟುಂಬದಲ್ಲಿ (ದತ್ತು ಆಗುವವರೆಗೆ ಮಗುವನ್ನು ತಾತ್ಕಾಲಿಕವಾಗಿ ಸಾಕುವ ಮನೆಯಲ್ಲಿ) ಬೆಳೆದ ಮಗುವಿಗೂ ವ್ಯತ್ಯಾಸವಿದೆ. ಮೊದಲನೆಯದು ಇದುವರೆಗೆ ಯಾರನ್ನೂ ನೆಚ್ಚಿಕೊಂಡಿರಲಿಕ್ಕಿಲ್ಲ. ಎರಡನೆಯದು ಒಬ್ಬರನ್ನು ಗಾಢವಾಗಿ ಹಚ್ಚಿಕೊಂಡಿರುತ್ತದೆ, ಅವರನ್ನು ಹುಡುಕಿ ವಾರಗಟ್ಟಲೆ ಅಳುತ್ತದೆ. ಆ ಅಳು ನೋಡಲು ಕಷ್ಟ, ಆದರೂ ಒಳ್ಳೆಯ ಸೂಚನೆ: ಒಮ್ಮೆ ಒಬ್ಬರನ್ನು ಹಚ್ಚಿಕೊಂಡ ಮಗು ಮತ್ತೆ ಹಚ್ಚಿಕೊಳ್ಳುವುದು ಸುಲಭ. ಬಂದ ಮೊದಲ ದಿನದಿಂದಲೇ ಅಳದೆ, ಯಾರ ಕೈಗೆ ಕೊಟ್ಟರೂ ನಗುತ್ತಾ ಹೋಗುವ ಮಗುವನ್ನು ಕಂಡರೆ ನೆಂಟರು ‘ಎಷ್ಟು ಬೇಗ ಹೊಂದಿಕೊಂಡಿದೆ’ ಎನ್ನುತ್ತಾರೆ. ತಿಳಿದವರು ಆ ಮಗುವನ್ನೇ ಹೆಚ್ಚು ಗಮನಿಸುತ್ತಾರೆ.

ಹೊರಡುವ ಮೊದಲು

ಮೊದಲು ಮನೆಯವರ ಲಸಿಕೆ. ಹೆಪಟೈಟಿಸ್ ಎ ಸೋಂಕು ತಗಲಿದ ಪುಟ್ಟ ಮಕ್ಕಳಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ, ಡೈಪರ್ ಬದಲಿಸುವ ದೊಡ್ಡವರಿಗೆ ಮಾತ್ರ ಜೋರಾಗಿ ಬರುತ್ತದೆ. ಆ ಸೋಂಕು ಸಾಮಾನ್ಯವಾಗಿರುವ ದೇಶದಿಂದ ಮಗು ಬರುವುದಾದರೆ, ಬರುವುದಕ್ಕೆ ಎರಡು ವಾರ ಮೊದಲಾದರೂ ಅಪ್ಪ, ಅಮ್ಮ, ಮನೆಯಲ್ಲಿರುವ ಅಜ್ಜ-ಅಜ್ಜಿ, ಬೇರೆ ಮಕ್ಕಳು ಎಲ್ಲರೂ ಮೊದಲ ಡೋಸ್ ಹಾಕಿಸಿಕೊಂಡಿರಬೇಕು. ಹೆಪಟೈಟಿಸ್ ಬಿ, ದಡಾರ, ನಾಯಿಕೆಮ್ಮಿನ ಲಸಿಕೆಗಳು ಆಗಿವೆಯೇ ಎಂದು ಅದೇ ಭೇಟಿಯಲ್ಲಿ ನೋಡಿಸಿಕೊಳ್ಳಿ. ಊರಿಗೆ ಮರಳಿದ ಎರಡು ವಾರದೊಳಗೆ ಮಗುವನ್ನು ನೋಡಲು ಮಕ್ಕಳ ವೈದ್ಯರ ಸಮಯವನ್ನೂ ಈಗಲೇ ಗೊತ್ತುಮಾಡಿಡಿ.

ಮಗುವಿನ ಭಾಷೆಯ ನಲವತ್ತು-ಐವತ್ತು ಮಾತು ಕಲಿಯಿರಿ. ವ್ಯಾಕರಣ ಬೇಡ. ನೀರು, ಹಾಲು, ಇನ್ನೂ ಬೇಕಾ, ಸಾಕು, ನೋವು, ಬಿಸಿ, ಬೇಡ, ಬಾ, ಮಲಗು, ಉಚ್ಚೆ, ಮುಗಿಯಿತು, ಹೆದರಬೇಡ, ನಾನು ಇಲ್ಲೇ ಇದ್ದೇನೆ, ಮತ್ತೆ ಬರುತ್ತೇನೆ ಇಷ್ಟು ಬಂದರೆ ಮೊದಲ ತಿಂಗಳು ಕಳೆಯುತ್ತದೆ. ಪುಸ್ತಕ ನೋಡಿ ಕಲಿತರೆ ಉಚ್ಚಾರ ಕೆಟ್ಟು ಮಗುವಿಗೆ ತಿಳಿಯುವುದಿಲ್ಲ. ಆ ಭಾಷೆ ಮನೆಮಾತಾಗಿರುವವರಿಂದ ಹೇಳಿಸಿ ಧ್ವನಿಮುದ್ರಿಸಿಕೊಳ್ಳಿ.

ಮನೆಯಲ್ಲಿ ಮೆಟ್ಟಿಲಿಗೆ ಗೇಟು ಹಾಕಿಸಿ, ಬೀರು ಮತ್ತು ಟಿವಿಯನ್ನು ಗೋಡೆಗೆ ಬಿಗಿಸಿ. ಒಂದೇ ಅಂತಸ್ತಿನ ಕೊಠಡಿಯಲ್ಲಿ ಬೆಳೆದ ಎರಡು ವರ್ಷದ ಮಗು ಮೆಟ್ಟಿಲನ್ನು ಕಂಡೇ ಇರಲಿಕ್ಕಿಲ್ಲ. ಕಾಲು ನಡೆಯುತ್ತದೆ, ಇಳಿಯುವುದು ಗೊತ್ತಿರುವುದಿಲ್ಲ. ಆಟಿಕೆ ನಾಲ್ಕೈದು ಸಾಕು, ಉಳಿದದ್ದನ್ನು ಅಟ್ಟಕ್ಕೆ ಹಾಕಿ.

ಒಪ್ಪಿಸಿಕೊಳ್ಳುವಾಗ ಕೇಳಬೇಕಾದ್ದು

ಆ ಹೊತ್ತಿಗೆ ಕಾಗದಪತ್ರ, ಫೋಟೊ, ಗಡಿಬಿಡಿ, ಕಣ್ಣೀರು ಎಲ್ಲ ಒಟ್ಟಿಗೆ ಇರುವುದರಿಂದ ಪ್ರಶ್ನೆಗಳು ಮರೆತುಹೋಗುತ್ತವೆ. ಮೊದಲೇ ಬರೆದುಕೊಂಡು, ಆ ಭಾಷೆಗೆ ಅನುವಾದಿಸಿಕೊಂಡು ಹೋಗಿ. ಕಚೇರಿಯವರನ್ನು ಕೇಳಿದರೆ ದಾಖಲೆಯಲ್ಲಿರುವುದು ಸಿಗುತ್ತದೆ, ದಿನವೂ ಮಗುವನ್ನು ಎತ್ತಿ ಆಡಿಸಿದವರನ್ನು ಕೇಳಿದರೆ ನಿಮಗೆ ಬೇಕಾದ್ದು ಸಿಗುತ್ತದೆ.

ಎಷ್ಟು ಹೊತ್ತಿಗೆ ಏಳುತ್ತದೆ, ಹಗಲು ಎಷ್ಟು ಬಾರಿ ಮಲಗುತ್ತದೆ, ಬೋರಲಾಗಿಯೋ ಅಂಗಾತವೋ, ದೀಪ ಇರುತ್ತದೆಯೋ, ಕೋಣೆಯಲ್ಲಿ ಬೇರೆ ಎಷ್ಟು ಮಕ್ಕಳು? ಹಾಲಿನ ಪುಡಿ ಯಾವುದು, ಎಷ್ಟು ನೀರಿಗೆ ಎಷ್ಟು ಚಮಚ, ಎಷ್ಟು ಬಿಸಿ? ಡಬ್ಬಿಯ ಫೋಟೊ ತೆಗೆಯಿರಿ, ಸಾಧ್ಯವಾದರೆ ಅದೇ ಪುಡಿ ಎರಡು ವಾರಕ್ಕಾಗುವಷ್ಟು ಕೊಳ್ಳಿ. ಬಾಟಲಿಯ ನಿಪ್ಪಲನ್ನೂ ನೋಡಿ: ಬೇಗ ಕುಡಿದು ಮುಗಿಸಲೆಂದು ತೂತನ್ನು ದೊಡ್ಡದಾಗಿ ಕತ್ತರಿಸಿದ್ದರೆ, ಹೊಸ ನಿಪ್ಪಲಿನಿಂದ ಹಾಲು ಬರುವುದು ನಿಧಾನವಾಗಿ ಮಗು ಸಿಟ್ಟಿಗೆದ್ದು ಬಾಟಲಿ ಎಸೆಯುತ್ತದೆ. ಆಗ ಹಾಲು ಸೇರುತ್ತಿಲ್ಲ ಎಂದುಕೊಂಡು ಪುಡಿ ಬದಲಿಸುತ್ತಾ ಹೋಗುವ ಮನೆಗಳಿವೆ.

ಸ್ನಾನ ಹೇಗೆ ಮಾಡಿಸುತ್ತಾರೆ, ಯಾವುದಕ್ಕೆ ಹೆದರುತ್ತದೆ, ಯಾವ ಮುದ್ದಿನ ಹೆಸರಿಗೆ ಓಗೊಡುತ್ತದೆ, ಅಳುವಾಗ ಏನು ಮಾಡಿದರೆ ಸುಮ್ಮನಾಗುತ್ತದೆ, ಯಾರನ್ನು ಹೆಚ್ಚು ಹಚ್ಚಿಕೊಂಡಿದೆ? ಅವರು ಒಪ್ಪಿದರೆ ಮಲಗಿಸುವಾಗ ಹಾಡುವುದನ್ನು ವಿಡಿಯೊ ಮಾಡಿ, ಅವರ ಫೋಟೊ ತೆಗೆದುಕೊಳ್ಳಿ. ಮಗು ಉಟ್ಟ ಬಟ್ಟೆ, ಹೊದ್ದ ಹೊದಿಕೆ ಕೊಟ್ಟರೆ ಒಗೆಯದೆ ಒಂದು ಚೀಲದಲ್ಲಿ ಕಟ್ಟಿಡಿ. ಹಳೆಯ ವಾಸನೆ ಇರುವ ಬಟ್ಟೆಯನ್ನು ಮೊದಲ ಕೆಲವು ರಾತ್ರಿ ಪಕ್ಕದಲ್ಲಿಟ್ಟರೆ ಎಷ್ಟೋ ಮಕ್ಕಳು ಬೇಗ ಮಲಗುತ್ತವೆ. ತುರಿಕೆ, ಕಜ್ಜಿ, ಹೇನು ಇದ್ದರೆ ಮಾತ್ರ ಒಗೆದೇ ಬಳಸಬೇಕು.

ದಾರಿಯಲ್ಲಿ

ದತ್ತು ಆದೇಶ, ಜನನ ಪತ್ರ, ಪಾಸ್‌ಪೋರ್ಟ್, ಲಸಿಕೆ ಪಟ್ಟಿ ಇವು ಕೈಚೀಲದಲ್ಲೇ ಇರಲಿ. ಎರಡು ಗಂಟೆಗೊಂದರ ಲೆಕ್ಕದಲ್ಲಿ ಡೈಪರ್, ಮೇಲೆ ಆರು ಹೆಚ್ಚಿಗೆ. ಮಗುವಿಗೆ ಎರಡು ಜೊತೆ ಬಟ್ಟೆ, ನಿಮಗೂ ಒಂದು ಜೊತೆ (ಇದನ್ನು ಮರೆತವರು ವಾಂತಿಯ ವಾಸನೆಯಲ್ಲೇ ಎಂಟು ಗಂಟೆ ಕೂರುತ್ತಾರೆ). ವಿಮಾನ ಇಳಿಯುವಾಗ ಕಿವಿ ನೋಯುತ್ತದೆ, ಆಗ ಬಾಟಲಿಯೋ ಸಿಪ್ಪರೋ ಕೊಟ್ಟು ನುಂಗಿಸುತ್ತಿರಿ. ಜ್ವರಕ್ಕೆ ಪ್ಯಾರಸಿಟಮಾಲ್ ಕೊಡುವ ಮೊದಲು ನೀವೇ ತೂಕ ನೋಡಿ. ಅದರ ಪ್ರಮಾಣ ಒಂದು ಸಲಕ್ಕೆ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ಕಾಗದದಲ್ಲಿ ಬರೆದ ತೂಕ ತಿಂಗಳುಗಳ ಹಿಂದಿನದಾಗಿರಬಹುದು. ಭೇದಿ ಶುರುವಾದರೆ ಓಆರ್‌ಎಸ್ ಪ್ಯಾಕೆಟ್ ಕೈಗೆ ಸಿಗುವಂತಿರಲಿ.

ಮೊದಲ ವಾರಗಳು: ಅವೇ ಕೈಗಳು

ಊಟ ಮಾಡಿಸುವುದು, ಸ್ನಾನ, ಡೈಪರ್, ಮಲಗಿಸುವುದು, ಅತ್ತಾಗ ಎತ್ತಿಕೊಳ್ಳುವುದು ಈ ಐದು ಕೆಲಸವನ್ನು ಅಪ್ಪ-ಅಮ್ಮ ಬಿಟ್ಟು ಬೇರೆ ಯಾರೂ ಮಾಡಬಾರದು. ಎಷ್ಟು ದಿನ? ಕಡಿಮೆಯೆಂದರೆ ಆರರಿಂದ ಎಂಟು ವಾರ, ಅನೇಕ ಮಕ್ಕಳಿಗೆ ಮೂರು ತಿಂಗಳಿಗೂ ಹೆಚ್ಚು. ಶಿಶುಗೃಹದಲ್ಲಿ ಪಾಳಿ ಬದಲಾದ ಹಾಗೆ ಕೈಗಳೂ ಬದಲಾಗಿರುತ್ತವೆ. ಯಾರು ಬಂದರೂ ಅದೇ ಊಟ, ಅದೇ ಡೈಪರ್, ಹಾಗಾಗಿ ಒಬ್ಬರನ್ನೇ ನೆಚ್ಚುವ ಅಗತ್ಯ ಮಗುವಿಗೆ ಬಂದಿರುವುದಿಲ್ಲ. ಆ ಅಗತ್ಯವನ್ನು ಈಗ ನೀವು ಹುಟ್ಟಿಸುತ್ತಿದ್ದೀರಿ. ರುಮೇನಿಯಾದ ಬುಕಾರೆಸ್ಟ್‌ನಲ್ಲಿ 2000ರಲ್ಲಿ ಶುರುವಾದ ಅಧ್ಯಯನ ಅನಾಥಾಲಯಗಳ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿತು. ಅವರಲ್ಲಿ ಸಾಕು ಕುಟುಂಬ ಸೇರಿದ ಮಕ್ಕಳು, ಅದರಲ್ಲೂ ಎರಡು ವರ್ಷದೊಳಗೆ ಸೇರಿದವರು, ಸಾಕಿದವರ ಜೊತೆ ಭದ್ರವಾದ ನಂಟು ಬೆಳೆಸಿಕೊಳ್ಳುವುದು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ನಿಮ್ಮ ಮಗುವಿಗೆ ಎರಡು ದಾಟಿದ್ದರೆ ಬಾಗಿಲು ಮುಚ್ಚಿತು ಎಂದರ್ಥವಲ್ಲ, ಕೆಲಸ ಹೆಚ್ಚು ದಿನ ಹಿಡಿಯುತ್ತದೆ.

ಇದನ್ನು ಅಜ್ಜಿ-ತಾತಂದಿರಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟದ ಭಾಗ. ‘ಮೊಮ್ಮಗುವನ್ನು ಎತ್ತಿಕೊಳ್ಳಬೇಡ ಅಂದರೆ ಹೇಗೆ?’ ಎಂಬ ಮಾತು ಬಂದೇ ಬರುತ್ತದೆ. ಮಗು ಬರುವ ಮೊದಲೇ ಕೂರಿಸಿಕೊಂಡು ಕಾರಣ ವಿವರಿಸಿ, ಮಾಡಬೇಡಿ ಎನ್ನುವುದರ ಜೊತೆಗೆ ಮಾಡಬಹುದಾದ್ದನ್ನೂ ಹೇಳಿ: ಅಡುಗೆ ಮಾಡಿಕೊಡಬಹುದು, ಬಟ್ಟೆ ಒಗೆಯಬಹುದು, ದೊಡ್ಡ ಮಗುವನ್ನು ಆಟಕ್ಕೆ ಕರೆದೊಯ್ಯಬಹುದು, ನೆಲದ ಮೇಲೆ ಕೂತು ಚೆಂಡು ಉರುಳಿಸಿ ಆಡಬಹುದು. ಮಗು ತಾನಾಗಿ ಅವರತ್ತ ಕೈಚಾಚಿದರೆ ‘ಬಾ, ಅಮ್ಮನ ಹತ್ತಿರ ಹೋಗೋಣ’ ಎಂದು ತಂದು ನಿಮ್ಮ ಮಡಿಲಿಗೆ ಬಿಡಲಿ. ತಿಂಡಿಯನ್ನೂ ನಿಮ್ಮ ಕೈಗೇ ಕೊಡಲಿ. ಬಂದವರು ಒಂದು ಗಂಟೆಯಲ್ಲಿ ಹೊರಡಲಿ, ಒಂದೇ ದಿನ ಎರಡು ಕುಟುಂಬ ಬೇಡ. ಸ್ವಾಗತ ಸಮಾರಂಭ ಮಾಡಲೇಬೇಕೆಂದಿದ್ದರೆ ಆರು ತಿಂಗಳು ತಳ್ಳಿ.

ಮಗುವನ್ನು ಆದಷ್ಟು ಮೈಗೆ ತಾಗಿಸಿಕೊಂಡಿರಿ. ಕಟ್ಟಿಕೊಳ್ಳುವ ಬಟ್ಟೆ ಅಥವಾ ಕ್ಯಾರಿಯರ್‌ನಲ್ಲಿ ಮುಖ ನಿಮ್ಮ ಕಡೆಗಿರಲಿ. ಮುಟ್ಟಿದರೆ ಬಿಗಿಯುವ ಮಗುವಿಗೆ ಬೆನ್ನು ನಿಮ್ಮ ಎದೆಗೆ ತಾಗುವಂತೆ ಮಡಿಲಲ್ಲಿ ಕೂರಿಸಿ ಪುಸ್ತಕ ತೋರಿಸಿ. ಕಣ್ಣಿಗೆ ಕಣ್ಣಿಟ್ಟು ನೋಡುವುದು ಕೆಲವು ಮಕ್ಕಳಿಗೆ ಮೊದಲಿಗೆ ತಡೆಯಲಾಗದು, ಒತ್ತಾಯದಿಂದ ಗಲ್ಲ ಹಿಡಿದು ತಿರುಗಿಸಬೇಡಿ. ಕನ್ನಡಿ ಮುಂದೆ ಆಡುವುದು, ಕೈಯಿಂದ ಮುಖ ಮುಚ್ಚಿ ತೆರೆಯುವ ಆಟ, ಮೈಗೆ ಎಣ್ಣೆಯೋ ಕ್ರೀಮೋ ಹಚ್ಚುವುದು ಇದೇ ಕೆಲಸವನ್ನು ಮೆಲ್ಲಗೆ ಮಾಡುತ್ತವೆ.

ಸ್ನಾನದ ಹೆದರಿಕೆ ತುಂಬಾ ಸಾಮಾನ್ಯ. ನಲ್ಲಿಯ ಕೆಳಗೆ ಹಿಡಿದು ತೊಳೆಸಿಕೊಂಡು ಅಭ್ಯಾಸವಾದ ಮಗುವಿಗೆ ನೀರು ತುಂಬಿದ ಟಬ್ ಅಂದರೆ ಭಯ. ಮೂರ್ನಾಲ್ಕು ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಟಬ್ಬಿನಲ್ಲಿ ಬಟ್ಟೆ ಸಮೇತ ಕೂರಿಸಿ ಆಡಿಸಿ, ಮುಂದೆ ಎರಡು ಬೆರಳಿನಷ್ಟು ಬೆಚ್ಚಗಿನ ನೀರು. ಹುಲ್ಲು, ಮರಳು, ಬರಿಗಾಲಿಗೆ ತಣ್ಣನೆಯ ನೆಲ ಇವಕ್ಕೂ ಹೀಗೇ.

ಒಬ್ಬರನ್ನು ಹಚ್ಚಿಕೊಂಡು ಇನ್ನೊಬ್ಬರನ್ನು ದೂಡುವುದು, ಹೊಡೆಯುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ದೂಡಿಸಿಕೊಂಡವರು ‘ನನ್ನನ್ನು ಕಂಡರಾಗದು’ ಎಂದು ಹಿಂದೆ ಸರಿದರೆ ಅದು ಗಟ್ಟಿಯಾಗುತ್ತದೆ. ಮೂವರೂ ಒಟ್ಟಿಗೆ ಕೂರಿ. ಬೇಕಾದವರ ಮಡಿಲಲ್ಲಿ ಮಗು, ಬೇಡದವರ ಕೈಯಲ್ಲಿ ಊಟದ ಬಟ್ಟಲು. ವಾರ ಕಳೆದ ಮೇಲೆ ಸ್ನಾನದ ಆಟ, ಆಮೇಲೆ ಬೆಳಗಿನ ಬಾಟಲಿ, ಕೊನೆಗೆ ರಾತ್ರಿ ಮಲಗಿಸುವುದು. ರಾತ್ರಿಯ ಕೆಲಸವನ್ನು ಮೊದಲೇ ಬದಲಿಸಿದರೆ ಎಲ್ಲರ ನಿದ್ದೆಯೂ ಹೋಗುತ್ತದೆ.

ಊಟ

ಮೊದಲ ಹತ್ತು-ಹದಿನೈದು ದಿನ ಅಲ್ಲಿ ತಿನ್ನುತ್ತಿದ್ದದ್ದನ್ನೇ ಕೊಡಿ, ರುಚಿ ಸಪ್ಪೆ ಎನಿಸಿದರೂ. ಆಮೇಲೆ ಮೂರು ದಿನಕ್ಕೊಂದರಂತೆ ಹೊಸ ಪದಾರ್ಥ ಸೇರಿಸಿ, ಯಾವುದರಿಂದ ಭೇದಿ, ಯಾವುದರಿಂದ ದದ್ದು ಎಂದು ತಿಳಿಯುತ್ತದೆ. ಎರಡೂವರೆ-ಮೂರು ಗಂಟೆಗೊಮ್ಮೆ, ದಿನಕ್ಕೆ ಐದಾರು ಸಲ, ಒಂದೇ ಜಾಗ, ಒಂದೇ ಬಟ್ಟಲು.

ಮಗು ಎರಡು ವರ್ಷದ್ದಾದರೂ ದಿನಕ್ಕೆ ಒಂದೆರಡು ಸಲ ಮಡಿಲಲ್ಲಿ ಮಲಗಿಸಿಕೊಂಡು ಬಾಟಲಿ ಕುಡಿಸಿ. ಬಾಟಲಿ ಬಿಡಿಸುವ ವಯಸ್ಸಲ್ಲವೇ ಎಂದು ಕೇಳುವವರಿರುತ್ತಾರೆ, ಕೇಳಲಿ. ಕೂಸಾಗಿದ್ದಾಗ ಬಾಟಲಿಯನ್ನು ದಿಂಬಿಗೆ ಒರಗಿಸಿ ಬಾಯಿಗಿಟ್ಟಿದ್ದರೆ, ಕುಡಿಯುವಾಗ ಒಂದು ಮುಖ ತನ್ನನ್ನೇ ನೋಡುತ್ತಿರುವುದು ಆ ಮಗುವಿಗೆ ಸಿಕ್ಕೇ ಇಲ್ಲ. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗಲು ಬಿಟ್ಟರೆ ಮಾತ್ರ ಹಲ್ಲು ಹುಳುಕಾಗುತ್ತದೆ. ದಿನದ ಹಾಲು ಒಟ್ಟು 500 ಮಿಲಿಲೀಟರ್ ಆಸುಪಾಸಿನಲ್ಲಿರಲಿ. ಹಾಲಿನಿಂದಲೇ ಹೊಟ್ಟೆ ತುಂಬಿದರೆ ಕಬ್ಬಿಣದಂಶ ಸಿಗದೆ ರಕ್ತಹೀನತೆ ಹೆಚ್ಚುತ್ತದೆ.

ಎಷ್ಟು ತಿಂದರೂ ಸಾಲದು, ವಾಂತಿಯಾಗುವವರೆಗೆ ತಿನ್ನುತ್ತದೆ, ಬಟ್ಟಲು ಖಾಲಿಯಾದರೆ ಕಿರುಚುತ್ತದೆ. ಹಸಿವು ಕಂಡ ಮಗುವಿನಲ್ಲಿ ಇದು ನಿರೀಕ್ಷಿತ. ಮುಂದಿನ ಊಟ ಬರುತ್ತದೆಂಬ ನಂಬಿಕೆ ಅದಕ್ಕಿಲ್ಲ, ಹೊಟ್ಟೆ ತುಂಬಿದ್ದು ತಿಳಿಯುವ ಅಭ್ಯಾಸವೂ ಆಗಿಲ್ಲ. ತಟ್ಟೆ ಕಿತ್ತುಕೊಂಡರೆ, ‘ಸಾಕು, ಎಷ್ಟು ತಿನ್ನುತ್ತೀ’ ಎಂದರೆ ಆ ಹೆದರಿಕೆ ನಿಜವೆಂದು ನೀವೇ ತೋರಿಸಿಕೊಟ್ಟಂತೆ. ಬದಲಿಗೆ ಎರಡು ಚಮಚದಷ್ಟೇ ಬಡಿಸಿ, ಮುಗಿದ ಕೂಡಲೇ ಮತ್ತೆ ಎರಡು ಚಮಚ. ಉಳಿದ ಪಾತ್ರೆ ಕಣ್ಣಿಗೆ ಕಾಣುವಲ್ಲೇ ಇರಲಿ. ಮಗುವಿನ ಎತ್ತರಕ್ಕೆ ಒಂದು ಬುಟ್ಟಿಯಲ್ಲಿ ಮೆತ್ತಗಿನ ಹಣ್ಣಿನ ತುಂಡೋ ಬಿಸ್ಕತ್ತೋ ಸದಾ ಇರಲಿ, ಖಾಲಿಯಾದಂತೆ ತುಂಬಿ. ದಿಂಬಿನಡಿ ಬ್ರೆಡ್ ಬಚ್ಚಿಟ್ಟದ್ದು ಸಿಕ್ಕರೆ ಬೈಯಬೇಡಿ, ಹಳಸಿದ್ದನ್ನು ತೆಗೆದು ಹೊಸದನ್ನಿಡಿ. ಹೆಚ್ಚಿನ ಮಕ್ಕಳಲ್ಲಿ ಈ ಆತುರ ಕೆಲವು ವಾರದಿಂದ ಕೆಲವು ತಿಂಗಳಲ್ಲಿ ತಗ್ಗುತ್ತದೆ.

ಇದರ ತದ್ವಿರುದ್ಧದ ತೊಂದರೆ ಅಗಿಯಲು ಬಾರದಿರುವುದು. ತಿಂಗಳುಗಟ್ಟಲೆ ಬರೀ ನುಣ್ಣನೆಯ ಆಹಾರ ತಿಂದ ಮಗುವಿಗೆ ಗಟ್ಟಿ ತುತ್ತು ಬಾಯಿಗೆ ಬಿದ್ದರೆ ಓಕರಿಕೆ. ಹಂತ ಹೀಗಿರಲಿ: ನುಣ್ಣಗೆ, ಗಟ್ಟಿಯಾಗಿ ಮಸೆದದ್ದು, ಸಣ್ಣ ಮೆತ್ತನೆಯ ಗಂಟುಗಳಿರುವುದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ತುಂಡು. ಒಂದೊಂದು ಹಂತಕ್ಕೆ ಒಂದು-ಎರಡು ವಾರ. ಇಡೀ ದ್ರಾಕ್ಷಿ, ಕಡಲೆಬೀಜ, ಹಸಿ ಕ್ಯಾರೆಟ್, ಪಾಪ್‌ಕಾರ್ನ್ ನಾಲ್ಕು ವರ್ಷದವರೆಗೆ ಬೇಡ. ಕೆಲವು ಮಕ್ಕಳು ತುತ್ತನ್ನು ಕೆನ್ನೆಯೊಳಗೆ ಗಂಟೆಗಟ್ಟಲೆ ಇಟ್ಟುಕೊಳ್ಳುತ್ತವೆ. ಮಲಗಿಸುವ ಮೊದಲು ಬೆರಳು ತೂರಿಸದೆ, ಬಾಯಿ ತೆರೆಸಿ ನೋಡಿ. ಎರಡು ತಿಂಗಳಾದರೂ ಗಂಟಿರುವ ಆಹಾರ ನುಂಗದಿದ್ದರೆ, ಕುಡಿಯುವಾಗ ಪದೇಪದೇ ಕೆಮ್ಮಿದರೆ, ನುಂಗುವ ತೊಂದರೆ ನೋಡುವ ವಾಕ್-ಚಿಕಿತ್ಸಕರ ಬಳಿ ಹೋಗಬೇಕು.

ನಿದ್ದೆ

ಸಮಯದ ವ್ಯತ್ಯಾಸ ಸರಿಹೋಗಲು ಗಂಟೆಗೆ ಒಂದು ದಿನದ ಲೆಕ್ಕ ಇಟ್ಟುಕೊಳ್ಳಿ: ಎಂಟು ಗಂಟೆ ವ್ಯತ್ಯಾಸವಿದ್ದರೆ ಹೆಚ್ಚುಕಡಿಮೆ ಎಂಟು ದಿನ. ಎದ್ದ ಕೂಡಲೇ ಅರ್ಧ ಗಂಟೆ ಹೊರಗಿನ ಬೆಳಕಿಗೆ ಕರೆದೊಯ್ಯಿರಿ, ಹಗಲು ನಿದ್ದೆ ಎರಡು ಗಂಟೆ ದಾಟಿದರೆ ಎಬ್ಬಿಸಿ. ನಡುರಾತ್ರಿ ಎಚ್ಚರವಾದರೆ ಮಂದ ದೀಪ, ಮೆಲುಮಾತು, ಸ್ವಲ್ಪ ಹಾಲು. ಆಟಕ್ಕೆ ಕೂತರೆ ಮುಗಿಯಿತು, ಮರುದಿನವೂ ಅದೇ ಹೊತ್ತಿಗೆ ಏಳುತ್ತದೆ.

ಇದಾದ ಮೇಲೂ ಉಳಿಯುವುದೇ ನಿಜವಾದ ತೊಂದರೆ. ಒಂದೇ ಕೋಣೆಯಲ್ಲಿ ಹತ್ತು ಮಕ್ಕಳ ಉಸಿರು ಕೇಳುತ್ತಾ ಮಲಗಿದ ಮಗುವಿಗೆ ಚಂದದ, ಕತ್ತಲೆಯ, ನಿಶ್ಶಬ್ದ ಕೋಣೆಗಿಂತ ಹೆದರಿಕೆಯ ಜಾಗ ಇನ್ನೊಂದಿಲ್ಲ. ಮಗುವಿನ ಹಾಸಿಗೆ ನಿಮ್ಮ ಕೋಣೆಯಲ್ಲೇ, ಕೈಗೆಟಕುವ ದೂರದಲ್ಲಿರಲಿ. ಚಿಕ್ಕ ದೀಪ ಉರಿಯಲಿ. ಮಲಗಿಸುವ ಕ್ರಮ ಪ್ರತಿದಿನ ಒಂದೇ: ಮೈ ಒರೆಸುವುದು, ಬಟ್ಟೆ ಬದಲಿಸುವುದು, ಬಾಟಲಿ, ಹಲ್ಲುಜ್ಜುವುದು, ಒಂದೇ ಹಾಡು. ಮೂವತ್ತು-ನಲವತ್ತು ನಿಮಿಷ ಸಾಕು. ನಿದ್ದೆ ಬರುವವರೆಗೆ ಪಕ್ಕದಲ್ಲೇ ಇರಿ.

ಅತ್ತು ಅತ್ತು ತಾನೇ ಮಲಗಲಿ ಎಂದು ಬಿಡುವ ವಿಧಾನ ಈ ಮಕ್ಕಳಿಗೆ ಖಂಡಿತ ಬೇಡ. ಅತ್ತರೆ ಯಾರೂ ಬರುವುದಿಲ್ಲವೆಂಬುದನ್ನು ಅವು ಆಗಲೇ ಕಲಿತಿವೆ, ಅದನ್ನು ಮರೆಸುವುದು ನಿಮ್ಮ ಕೆಲಸ. ರಾತ್ರಿಯೆಲ್ಲ ಸದ್ದಿಲ್ಲದಿದ್ದರೆ ಒಮ್ಮೆ ಎದ್ದು ನೋಡಿ, ಕೆಲವು ಮಕ್ಕಳು ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುತ್ತವೆ. ಕರೆಯದಿದ್ದರೂ ಹೋಗಿ ಬೆನ್ನು ತಟ್ಟಿ. ವಾರಗಳು ಕಳೆದ ಮೇಲೆ ಇಂಥ ಮಗು ರಾತ್ರಿ ಎದ್ದು ನಿಮ್ಮನ್ನು ಕೂಗಿ ಅತ್ತರೆ, ಸುಸ್ತಾದರೂ ಸಂತೋಷಪಡಬೇಕಾದ ವಿಷಯ.

ಮಲಗಿದ ಒಂದೆರಡು ಗಂಟೆಯಲ್ಲಿ ಕಣ್ಣು ತೆರೆದೇ ಚೀರಿ, ಎತ್ತಿಕೊಂಡರೆ ಗುರುತು ಹಿಡಿಯದೆ ಒದ್ದಾಡಿದರೆ ಅದು ನಿದ್ರಾಭೀತಿ. ಎಬ್ಬಿಸಬೇಡಿ, ಬೀಳದಂತೆ ನೋಡಿಕೊಳ್ಳಿ, ಹತ್ತು-ಹದಿನೈದು ನಿಮಿಷದಲ್ಲಿ ತಾನೇ ಇಳಿಯುತ್ತದೆ. ಬೆಳಗಿನ ಜಾವ ಎಚ್ಚರಗೊಂಡು ನಿಮ್ಮನ್ನು ತಬ್ಬಿ ಅತ್ತರೆ ಕೆಟ್ಟ ಕನಸು, ಅದಕ್ಕೆ ಎತ್ತಿಕೊಂಡು ಸಮಾಧಾನ ಮಾಡಬೇಕು. ಮಲಗುವಾಗ ತಲೆ ಅಲ್ಲಾಡಿಸುವುದು, ಮೈ ತೂಗಿಕೊಳ್ಳುವುದು ತನ್ನನ್ನು ತಾನೇ ತೂಗಿಕೊಂಡ ಅಭ್ಯಾಸ. ತಡೆಯುವ ಬದಲು ನೀವು ತೂಗಿ. ನಿದ್ದೆ ಕೆಡಲು ಜಂತುಹುಳು, ತುರಿಕೆ, ಕಿವಿ ಸೋಂಕು, ಕಬ್ಬಿಣದ ಕೊರತೆಯೂ ಕಾರಣವಾಗುತ್ತವೆ, ಎಲ್ಲವನ್ನೂ ಮನಸ್ಸಿನ ಮೇಲೆ ಹೊರಿಸಬೇಡಿ.

ವೈದ್ಯರ ಬಳಿ

ಬಂದ ದೇಶದ ವರದಿಗಳಿದ್ದರೂ ಪರೀಕ್ಷೆಗಳನ್ನು ಮತ್ತೆ ಮಾಡಿಸುವುದು ರೂಢಿ. ಪಟ್ಟಿ ಕೈಯಲ್ಲಿರಲಿ: ಪೂರ್ಣ ರಕ್ತಕಣ ಎಣಿಕೆ ಮತ್ತು ಕಬ್ಬಿಣದಂಶ, ಸೀಸದ ಪ್ರಮಾಣ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಿಫಿಲಿಸ್, ಕ್ಷಯ, ಥೈರಾಯ್ಡ್, ವಿಟಮಿನ್ ಡಿ, ಮಲ ಪರೀಕ್ಷೆ. ಮಲದ ಮಾದರಿ ಒಂದು ಸಾಲದು, ಬೇರೆ ಬೇರೆ ದಿನದ ಮೂರು ಬೇಕು, ಹುಳುವಿನ ಮೊಟ್ಟೆಗಳು ಪ್ರತಿದಿನ ಬೀಳುವುದಿಲ್ಲ. ಜಿಯಾರ್ಡಿಯಾ ಎಂಬ ಪರಾವಲಂಬಿ ಇದರಲ್ಲೂ ತಪ್ಪಿಸಿಕೊಳ್ಳಬಹುದು, ಅದಕ್ಕೆ ಪ್ರತ್ಯೇಕ ಪರೀಕ್ಷೆಯಿದೆ. ಹೊಟ್ಟೆಯುಬ್ಬರ, ದುರ್ವಾಸನೆಯ ಜಿಡ್ಡು ಮಲ ಇದ್ದರೆ ಕೇಳಿ ಮಾಡಿಸಿ.

ಆರು ತಿಂಗಳ ನಂತರ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಪರೀಕ್ಷೆ ಮತ್ತೊಮ್ಮೆ. ಹೊರಡುವ ಮುನ್ನ ತಗಲಿದ ಸೋಂಕು ಮೊದಲ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಕ್ಷಯದ ಪರೀಕ್ಷೆ ಮೊದಲು ನೆಗೆಟಿವ್ ಬಂದರೂ ಮೂರರಿಂದ ಆರು ತಿಂಗಳಲ್ಲಿ ಮತ್ತೆ ಮಾಡಿಸಬೇಕು, ಅಪೌಷ್ಟಿಕತೆಯಿರುವ ಮೈ ಚರ್ಮದ ಪರೀಕ್ಷೆಗೆ ಪ್ರತಿಕ್ರಿಯಿಸದೆ ಇರುತ್ತದೆ. ಪಾಸಿಟಿವ್ ಬಂದರೆ ‘ಕ್ಷಯದ ಬಿಸಿಜಿ ಲಸಿಕೆ ಹಾಕಿಸಿದ್ದಾರಲ್ಲ, ಅದಕ್ಕೇ’ ಎಂದು ಬಿಟ್ಟುಬಿಡುವುದು ಆಗಾಗ ಆಗುವ ತಪ್ಪು. ರಕ್ತಕಣ ಎಣಿಕೆಯನ್ನೂ ಆರು ತಿಂಗಳಿಗೆ ನೋಡಿಸಿ: ಮಗು ಭರಭರನೆ ಬೆಳೆಯುವಾಗ ಇದ್ದ ಕಬ್ಬಿಣವೂ ಖರ್ಚಾಗುತ್ತದೆ.

ಲಸಿಕೆ ಪಟ್ಟಿಯಲ್ಲಿ ದಿನಾಂಕ, ವಯಸ್ಸು, ಡೋಸ್‌ಗಳ ನಡುವಿನ ಅಂತರ ಸರಿಯಿದ್ದರೆ ಒಪ್ಪಬಹುದು. ಅನುಮಾನವಿದ್ದರೆ ರಕ್ತದಲ್ಲಿ ಪ್ರತಿಕಾಯ ನೋಡುವುದೋ ಮತ್ತೆ ಹಾಕಿಸುವುದೋ ವೈದ್ಯರು ನಿರ್ಧರಿಸುತ್ತಾರೆ. ಕಜ್ಜಿಗೆ ಶೇ 5ರ ಪರ್ಮೆಥ್ರಿನ್ ಕ್ರೀಮು ಕೊಟ್ಟರೆ 8ರಿಂದ 14 ಗಂಟೆ ಮೈಮೇಲಿರಬೇಕು, ಸಾಮಾನ್ಯವಾಗಿ ವಾರದ ನಂತರ ಇನ್ನೊಮ್ಮೆ. ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳದಿದ್ದರೆ ಅದು ಮನೆಯಲ್ಲೇ ಸುತ್ತು ಹೊಡೆಯುತ್ತದೆ.

ತೂಕ, ಎತ್ತರ, ತಲೆಸುತ್ತಳತೆ ಮೂರನ್ನೂ ಬರೆಸಿ. ಶಿಶುಗೃಹದಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಸುಮಾರು ಒಂದು ತಿಂಗಳ ಎತ್ತರ ಹಿಂದೆ ಬೀಳುತ್ತದೆಂಬ ಲೆಕ್ಕವನ್ನು ವೈದ್ಯರು ಬಳಸುತ್ತಾರೆ. ಒಳ್ಳೆಯ ಊಟ, ಆರೈಕೆ ಸಿಕ್ಕಿದರೆ ತೂಕ ಬೇಗ ಏರುತ್ತದೆ, ಎತ್ತರ ಅದರ ಹಿಂದೆ. ಆರು ತಿಂಗಳಾದರೂ ಎರಡೂ ಏರದಿದ್ದರೆ ಕಾರಣ ಹುಡುಕಬೇಕು. ಕಿವಿ ಮತ್ತು ಕಣ್ಣಿನ ತಪಾಸಣೆ ಬಿಡಲೇಬೇಡಿ: ಕಿವಿಯಲ್ಲಿ ನೀರು ತುಂಬಿ ಕೇಳಿಸದಿದ್ದರೂ ಮನೆಯವರು ‘ಭಾಷೆ ತಿಳಿಯುತ್ತಿಲ್ಲ’ ಎಂದುಕೊಂಡಿರುತ್ತಾರೆ.

ಮಾತು

ಪುಟ್ಟ ಮಗು ಹಳೆಯ ಭಾಷೆಯನ್ನು ಆಶ್ಚರ್ಯವಾಗುವಷ್ಟು ಬೇಗ, ಕೆಲವೇ ತಿಂಗಳಲ್ಲಿ ಬಿಡುತ್ತದೆ. ಹೊಸದು ಬರುವ ತನಕ ಎರಡೂ ಇಲ್ಲದ ಒಂದು ಕಾಲವಿದೆ, ಆಗ ಕಚ್ಚುವುದು, ಕಿರುಚುವುದು ಹೆಚ್ಚುತ್ತದೆ. ಬೇಕು, ಸಾಕು, ನೀರು, ನೋವು ಇವಕ್ಕೆ ಕೈಸನ್ನೆ ಕಲಿಸಿ. ಮಾಡುವ ಕೆಲಸವನ್ನೇ ಚಿಕ್ಕ ವಾಕ್ಯದಲ್ಲಿ ಹೇಳುತ್ತಿರಿ, ಹೊಸ ಮಾತಿನ ಜೊತೆಗೆ ಹಳೆಯದನ್ನೂ ಕೆಲವು ವಾರ ಸೇರಿಸಿ. ಮಗುವಿನ ದೇಶದವರನ್ನು ಭೇಟಿ ಮಾಡಿಸುವ ಉತ್ಸಾಹ ಮೊದಲ ತಿಂಗಳುಗಳಲ್ಲಿ ಬೇಡ. ಆ ಭಾಷೆ ಕಿವಿಗೆ ಬಿದ್ದರೆ ಮತ್ತೆ ಕರೆದೊಯ್ಯಲು ಬಂದರೆಂದು ಹೆದರುವ ಮಕ್ಕಳಿದ್ದಾರೆ. ಮಗುವಿನ ಹೆಸರಿನ ಒಂದು ಭಾಗವನ್ನಾದರೂ ಉಳಿಸಿಕೊಳ್ಳಿ, ಮೊದಲ ತಿಂಗಳು ಅದೇ ಹೆಸರಿನಿಂದ ಕರೆಯಿರಿ.

ತನ್ನ ಮೊದಲ ಭಾಷೆಯಲ್ಲೂ ವಯಸ್ಸಿಗೆ ತಕ್ಕ ಮಾತಿರಲಿಲ್ಲ ಎಂದು ಗೊತ್ತಿದ್ದರೆ ಕಾಯದೆ ತೋರಿಸಿ. ಉಳಿದವರಿಗೆ ಆರು ತಿಂಗಳಿಗೆ ಒಮ್ಮೆ ಮೌಲ್ಯಮಾಪನ.

ಹಠ, ಹೊಡೆತ, ಕಚ್ಚುವುದು

ಕೋಣೆಯಲ್ಲೋ ಮೂಲೆಯಲ್ಲೋ ಒಂಟಿಯಾಗಿ ಕೂರಿಸುವ ಶಿಕ್ಷೆ ಈ ಮಗುವಿಗೆ ಶಿಕ್ಷೆಯಾಗಿ ತಿಳಿಯುವುದಿಲ್ಲ, ಬಿಟ್ಟುಹೋದರೆಂದು ತಿಳಿಯುತ್ತದೆ. ಹೊಡೆಯುವುದಂತೂ ದೂರದ ಮಾತು. ರಂಪ ಶುರುವಾದರೆ ನೆಲದ ಮೇಲೆ ಒಂದು ಮೊಳ ದೂರದಲ್ಲಿ ಕೂರಿ, ಕಚ್ಚಲು ಬಂದರೆ ಕೈ ಹಿಡಿದು ‘ಕಚ್ಚಬಾರದು’ ಎಂದು ಒಮ್ಮೆ ಹೇಳಿ, ಉಳಿದಂತೆ ಮಾತು ಕಡಿಮೆ. ಇಳಿದ ಮೇಲೆ ನೀರು ಕೊಟ್ಟು ಎತ್ತಿಕೊಳ್ಳಿ. ಎಲ್ಲ ಸಲ ರಂಪ ಹಠವಲ್ಲ, ದುಃಖವೂ ಹೀಗೇ ಹೊರಬರುತ್ತದೆ. ಮೊದಲ ವಾರ ಸಾಧುವಾಗಿದ್ದ ಮಗು ನಾಲ್ಕನೇ ವಾರದಲ್ಲಿ ಸಿಡಿಯುವುದೂ ಸಹಜ. ಶೌಚದ ಅಭ್ಯಾಸ ಅಲ್ಲಿ ಆಗಿದ್ದರೂ ಇಲ್ಲಿ ತಪ್ಪಬಹುದು, ನಾಲ್ಕೈದು ತಿಂಗಳು ಡೈಪರ್‌ನಲ್ಲೇ ಬಿಡಿ.

ಮನೆಯ ಬೇರೆ ಮಕ್ಕಳು

ದೊಡ್ಡ ಮಗುವಿಗೆ ದಿನಕ್ಕೆ ಹದಿನೈದು ನಿಮಿಷ, ಒಬ್ಬರೇ, ಫೋನಿಲ್ಲದೆ. ಅವರ ಆಟಿಕೆಗೆ ಎತ್ತರದ ಒಂದು ಕಪಾಟು, ಅದನ್ನು ಹಂಚಿಕೊಳ್ಳಲು ಒತ್ತಾಯವಿಲ್ಲ. ‘ತಂಗಿಯನ್ನು ನೋಡಿಕೋ’ ಎಂದು ಜವಾಬ್ದಾರಿ ಹೊರಿಸಿದರೆ ಸಿಟ್ಟು ಒಳಗೇ ಬೆಳೆಯುತ್ತದೆ.

ಬಿಟ್ಟು ಹೋಗುವ ಅಭ್ಯಾಸ ಮತ್ತು ಡೇಕೇರ್

ಬಿದ್ದಾಗ ನಿಮ್ಮ ಬಳಿಗೇ ಓಡಿಬರುತ್ತದೆಯೇ, ಆಡುತ್ತಾ ಆಗಾಗ ತಿರುಗಿ ನಿಮ್ಮನ್ನು ನೋಡುತ್ತದೆಯೇ, ಅಪರಿಚಿತರನ್ನು ಕಂಡರೆ ಹಿಂಜರಿಯುತ್ತದೆಯೇ, ನೀವು ಎತ್ತಿಕೊಂಡರೆ ಬೇಗ ಸಮಾಧಾನವಾಗುತ್ತದೆಯೇ? ಈ ನಾಲ್ಕೂ ಕಂಡ ಮೇಲೆ ಅಭ್ಯಾಸ ಶುರುಮಾಡಿ. ಪಕ್ಕದ ಕೋಣೆಗೆ ಒಂದು ನಿಮಿಷ, ಐದು ನಿಮಿಷ, ಅಂಗಡಿಗೆ ಅರ್ಧ ಗಂಟೆ. ಪ್ರತಿ ಸಲವೂ ಹೇಳಿಯೇ ಹೋಗಿ. ಕಣ್ಣುತಪ್ಪಿಸಿ ಹೋದರೆ ಅಂದಿನ ಅಳು ತಪ್ಪುತ್ತದೆ, ಆದರೆ ಮರುದಿನದಿಂದ ನೀವು ಬಚ್ಚಲಿಗೆ ಹೋಗುವುದನ್ನೂ ಮಗು ಬಿಡುವುದಿಲ್ಲ. ಡೇಕೇರ್ ಅನಿವಾರ್ಯವಾದರೆ ಕಡಿಮೆ ಮಕ್ಕಳಿರುವ, ನೋಡಿಕೊಳ್ಳುವವರು ಬದಲಾಗದ ಜಾಗ ಹುಡುಕಿ. ಮೊದಲ ವಾರ ನೀವೂ ಜೊತೆಗಿದ್ದು, ಆಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಿ.

ಕಾಗದಪತ್ರ

ಮನೆಯ ಗಲಾಟೆಯಲ್ಲಿ ಇದನ್ನು ಮುಂದೂಡುವುದು ಸುಲಭ, ಪರಿಣಾಮ ದೊಡ್ಡದು. ದೇಶ-ದೇಶಗಳ ನಡುವಿನ ದತ್ತು ಕುರಿತ 1993ರ ಹೇಗ್ ಒಪ್ಪಂದದ ಪ್ರಕಾರ ನಡೆದ ದತ್ತುವಾದರೆ, ಹಾಗೆ ನಡೆದಿದೆ ಎಂದು ದೃಢಪಡಿಸುವ 23ನೇ ವಿಧಿಯ ಪ್ರಮಾಣಪತ್ರ ನಿಮ್ಮ ಬಳಿ ಇರಬೇಕು. ಮಗುವಿಗೆ ಪೌರತ್ವ ತಾನಾಗಿ ಬಂದಿದೆಯೋ ಅರ್ಜಿ ಹಾಕಬೇಕೋ ತಿಳಿದುಕೊಂಡು, ಅದರ ಪುರಾವೆಯನ್ನು ಕೂಡಲೇ ಪಡೆಯಿರಿ. ಅಮೆರಿಕದಲ್ಲಿ ದತ್ತು ತಂದವರು ಇದನ್ನು ಮಾಡದೆ ಬಿಟ್ಟದ್ದರಿಂದ, ಅಲ್ಲೇ ಬೆಳೆದು ದೊಡ್ಡವರಾದವರನ್ನು ಹುಟ್ಟಿದ ದೇಶಕ್ಕೆ ಗಡೀಪಾರು ಮಾಡಿದ ಪ್ರಕರಣಗಳಿವೆ. ಮಗು ಹೇಗಿದೆಯೆಂದು ಹುಟ್ಟಿದ ದೇಶಕ್ಕೆ ಕಳಿಸಬೇಕಾದ ವರದಿಗಳ ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮಗುವಿನ ಹಿನ್ನೆಲೆಯ ಕುರಿತ ಒಂದು ಚೀಟಿಯನ್ನೂ ಎಸೆಯಬೇಡಿ, ಮುಂದೆ ಅದು ಕೇಳುವ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರಬಹುದು.

ಅಪ್ಪ-ಅಮ್ಮನ ಸ್ಥಿತಿ

ಮಗುವನ್ನು ಕಂಡ ಕೂಡಲೇ ಮಮತೆ ಉಕ್ಕದಿರುವುದು ಅಪರೂಪವಲ್ಲ. ವರ್ಷಗಟ್ಟಲೆ ಕಾದವರಿಗೆ ಇದನ್ನು ಹೇಳಿಕೊಳ್ಳಲು ನಾಚಿಕೆ. ಆರೈಕೆ ಮಾಡುತ್ತಾ ಹೋದರೆ ಮಮತೆ ನಿಧಾನಕ್ಕೆ ಬರುತ್ತದೆ. ಆದರೆ ಎರಡು ವಾರಕ್ಕೂ ಮೀರಿ ಅಳು, ನಿದ್ದೆಗೇಡು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಮಗುವಿನ ಮೇಲೆ ರೋಷ ಕಂಡರೆ ದತ್ತು ನಂತರದ ಖಿನ್ನತೆಯಿರಬಹುದು. ಹೆತ್ತವರಿಗೆ ಬಾಣಂತಿ ಖಿನ್ನತೆಗೆ ಇರುವಂತೆಯೇ ಇದಕ್ಕೂ ಚಿಕಿತ್ಸೆಯಿದೆ. ರಾತ್ರಿಗಳನ್ನು ಹಂಚಿಕೊಳ್ಳಿ, ಒಬ್ಬರಿಗೆ ಸತತ ಐದು ಗಂಟೆ ನಿದ್ದೆ ಸಿಗುವಂತೆ.

ತಡ ಮಾಡದೆ ತೋರಿಸಬೇಕಾದ್ದು

ಆರು ತಿಂಗಳು ಕಳೆದರೂ ನೋವಾದಾಗ ಯಾರ ಬಳಿಯೂ ಹೋಗದಿದ್ದರೆ, ದಾರಿಯಲ್ಲಿ ಸಿಕ್ಕ ಯಾರ ಕೈಹಿಡಿದಾದರೂ ನಡೆದುಬಿಟ್ಟರೆ, ಗಾಯವಾಗುವಷ್ಟು ತಲೆ ಚಚ್ಚಿಕೊಂಡರೆ, ಕಲಿತದ್ದನ್ನು ಕಳೆದುಕೊಳ್ಳುತ್ತಾ ಹೋದರೆ, ತೂಕ ಇಳಿದರೆ ಕಾಯಬೇಡಿ. ದತ್ತು ಮಕ್ಕಳೊಂದಿಗೆ ಕೆಲಸ ಮಾಡಿ ಅನುಭವವಿರುವ ಮಕ್ಕಳ ವೈದ್ಯರು ಅಥವಾ ಮನಶ್ಶಾಸ್ತ್ರಜ್ಞರನ್ನು ಹುಡುಕಿ. ಉಸಿರುಗಟ್ಟುವಂತೆ ಬಲವಂತವಾಗಿ ಹಿಡಿದಿಟ್ಟು ನಂಟು ಬೆಳೆಸುತ್ತೇವೆ ಎನ್ನುವ ‘ಚಿಕಿತ್ಸೆ’ಗಳಿಂದ ಮಕ್ಕಳು ಸತ್ತದ್ದೂ ಇದೆ, ಅಂಥವರ ಹತ್ತಿರ ಸುಳಿಯಬೇಡಿ. ಹೋಗುವಾಗ ಎರಡು ವಾರದ ನಿದ್ದೆ, ಊಟ, ರಂಪದ ಟಿಪ್ಪಣಿ, ಜೊತೆಗೆ ಮನೆಯಲ್ಲಿ ತೆಗೆದ ಎರಡು-ಮೂರು ನಿಮಿಷದ ವಿಡಿಯೊ ಒಯ್ಯಿರಿ. ನಿಮಗೆ ಚಿಂತೆ ತಂದ ವರ್ತನೆಯನ್ನು ಮಗು ವೈದ್ಯರ ಕೋಣೆಯಲ್ಲಿ ತೋರಿಸುವುದು ಅಪರೂಪ.